ಮೊದಲ ಸಲ ಶಾಲು ಹೆಣೆಯುವವರು ಎಷ್ಟು ಕುಣಿಕೆ, ಎಷ್ಟು ನೂಲು ತೆಗೆದುಕೊಳ್ಳಬೇಕು? ಅಂಚು ಸುರುಳಿಯಾಗದಿರಲು ಏನು ಮಾಡಬೇಕು?

ಸುಮಾರು 45 ಸೆಂ.ಮೀ. ಅಗಲ, 160 ಸೆಂ.ಮೀ. ಉದ್ದದ ಶಾಲಿಗೆ ಮಧ್ಯಮ ದಪ್ಪದ ಉಲ್ಲನ್ 400 ಗ್ರಾಂ (100 ಗ್ರಾಮಿಗೆ ಸುಮಾರು 200 ಮೀಟರ್ ಬರುವಂಥದ್ದು), 5.5 ಮಿ.ಮೀ. ಕಡ್ಡಿ ಸಾಕು. ಎಲ್ಲವನ್ನೂ ಒಂದೇ ಡೈ ಲಾಟ್‌ನಲ್ಲಿ (ಒಟ್ಟಿಗೆ ಬಣ್ಣ ಹಾಕಿದ ಕಂತು) ಕೊಳ್ಳಿ.

ಮೊದಲು 20 ಕುಣಿಕೆಯ ಮಾದರಿ ತುಂಡು ಹೆಣೆದು ಅಳೆಯಿರಿ. 10 ಸೆಂ.ಮೀ.ಗೆ 16 ಕುಣಿಕೆ ಬಂದರೆ 72 ಕುಣಿಕೆ ಹಾಕಿ. ಹೆಚ್ಚು ಬಂದರೆ ದಪ್ಪ ಕಡ್ಡಿ ಹಿಡಿಯಿರಿ. ಆಮೇಲೆ ಪ್ರತಿ ಸಾಲೂ ನಿಟ್ (ನೂಲನ್ನು ಹಿಂಬದಿಗಿಟ್ಟು ಹೆಣೆಯುವ ಸಾದಾ ಹೆಣಿಗೆ), ಅಷ್ಟೇ.

ಒಂದು ಸಾಲು ನಿಟ್, ಒಂದು ಸಾಲು ಪರ್ಲ್ (ನೂಲನ್ನು ಮುಂಬದಿಗಿಟ್ಟು ಹೆಣೆಯುವ ಉಲ್ಟಾ ಹೆಣಿಗೆ) ಹೆಣೆದರೆ ಮುಂಬದಿ, ಹಿಂಬದಿಗಳ ಎಳೆತ ಬೇರೆಬೇರೆಯಾಗಿ ಅಂಚು ಸುತ್ತಿಕೊಳ್ಳುತ್ತದೆ. ಬರೀ ನಿಟ್‌ನಲ್ಲಿ ಎರಡೂ ಬದಿ ಸಮ, ಹಾಗಾಗಿ ಚಪ್ಪಟೆಯಾಗಿರುತ್ತದೆ.

ಹೊಸಬರಿಗೆ ಶಾಲು ಅಗಲವಾಗುತ್ತಾ ಹೋಗುವುದು ಸಾಮಾನ್ಯ. ಸಾಲಿನ ಆರಂಭದಲ್ಲಿ ನೂಲು ಕಡ್ಡಿಯ ಮೇಲಿಂದ ಹಿಂದಕ್ಕೆ ಹೋದರೆ ಮೊದಲ ಕುಣಿಕೆ ಎರಡಾಗಿ ಕಾಣುತ್ತದೆ, ಎರಡನ್ನೂ ಹೆಣೆದುಬಿಡುತ್ತೀರಿ. ನೂಲನ್ನು ಕಡ್ಡಿಯ ಕೆಳಗಿನಿಂದಲೇ ಹಿಂದಕ್ಕೆ ತನ್ನಿ. ಹತ್ತು ಸಾಲಿಗೊಮ್ಮೆ ಎಣಿಸಿ.

ಕೊನೆಯಲ್ಲಿ ಕುಣಿಕೆಗಳು ಬಿಚ್ಚದಂತೆ ಮುಚ್ಚಲು ಅಗಲದ ನಾಲ್ಕು ಪಟ್ಟು ನೂಲು ಉಳಿಸಿಕೊಳ್ಳಿ. 6.5 ಮಿ.ಮೀ. ಕಡ್ಡಿಯಿಂದ ಸಡಿಲವಾಗಿ ಮುಚ್ಚಿ, ಇಲ್ಲದಿದ್ದರೆ ಆ ತುದಿ ಬಿಗಿದು ಕುಗ್ಗುತ್ತದೆ. ಕೊನೆಗೆ ತಣ್ಣೀರಲ್ಲಿ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಹಾಸಿ ಒಣಗಿಸಿ. ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗುತ್ತದೆ.