ದುಡ್ಡು ಕೊಟ್ಟರೆ ಮಾತ್ರ ಕಿವಿಗೊಡ್ತಾರಾ?

ಅರಸೀಕೆರೆ ಕಡೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಅಮ್ಮ ತೀರಿಕೊಂಡು ಏಳು ತಿಂಗಳು. ನಿದ್ದೆ ಇಲ್ಲ, ಪಾಠ ಮಾಡುವಾಗ ಸುಮ್ನೆ ಕಣ್ಣೀರು. ಊರಿನ ಡಾಕ್ಟರು ‘ಕೌನ್ಸೆಲಿಂಗ್ ತಗೊಳ್ಳಿ’ ಎಂದಿದ್ದಾರೆ. ಸರ್ಕಾರಿ ಆಸ್ಪತ್ರೆಗೆ ಹೋಗಲೋ, ವಿಡಿಯೊ ಕಾಲ್‌ನಲ್ಲಿ ಗಂಟೆಗೆ 1,500 ರೂಪಾಯಿಗೆ ಮಾತಾಡುವ ಬೆಂಗಳೂರಿನವರನ್ನು ಹಿಡಿಯಲೋ? ‘ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರುತ್ತಾ ಸಾರ್?’ ಎಂದು ಕೇಳಿದ್ದಾರೆ.

ಮೇಡಂ, ಬಿಟ್ಟಿ ಅನ್ನಬೇಡಿ. ನೀವು ಕಟ್ಟಿದ ತೆರಿಗೆಯೂ ಅದರಲ್ಲಿದೆ.

ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ದುಡ್ಡು ಉಳಿಯಲಿ ಎಂದಲ್ಲ. ಇದು ಅಮ್ಮ ಹೋದ ದುಃಖವೋ, ಖಿನ್ನತೆಯೋ, ಥೈರಾಯ್ಡ್ ಏರುಪೇರೋ ಎಂದು ವೈದ್ಯರು ನೋಡಿ ಹೇಳಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರ ಜೊತೆ ಮಾತಿನ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆಯೂ ಉಂಟು. ಈ ಏರ್ಪಾಡನ್ನು ನಿಮ್ಹಾನ್ಸ್‌ನವರು ಮೊದಲು ಮಾಡಿ ನೋಡಿದ್ದೇ ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ‘ಮನೋಚೈತನ್ಯ’ ಎಂಬ ಹೆಸರಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಎಂದು ವಿಚಾರಿಸಿಕೊಂಡು ಹೋಗಿ.

ಆದರೆ ಅಲ್ಲಿ ಪುರುಸೊತ್ತು ಕಡಿಮೆ. ಹೊರಗೆ ಉದ್ದ ಸಾಲು, ಒಳಗೆ ಹತ್ತು ನಿಮಿಷ, ಕೈಗೊಂದು ಚೀಟಿ. ಮಾತಿನ ಚಿಕಿತ್ಸೆ ಹಾಗೆ ಆಗುವುದಿಲ್ಲ. ಅದೇ ಮುಖ, ವಾರವಾರ, ಮುಕ್ಕಾಲು ಗಂಟೆ ಬೇಕು. ಅದು ಅಲ್ಲೇ ಸಿಕ್ಕರೆ ಅಲ್ಲೇ ಇರಿ. ಸಿಗದಿದ್ದರೆ ಖಾಸಗಿಯವರ ಹತ್ತಿರ ಹೋಗಿ, ತಪ್ಪೇನಿಲ್ಲ.

ಬೋರ್ಡು ನೋಡಿ ಮಾತ್ರ ಮರುಳಾಗಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಗೇ ಬಿಡಿ. ನಾನೂ ಒಮ್ಮೆ ಒಬ್ಬರ ಬಳಿ ಹೋಗಿದ್ದೆ. ನನ್ನ ಅಪ್ಪನ ವಿಷಯ ತೆಗೆದರೆ ಅವರು ತಮ್ಮ ಅಪ್ಪನ ಕಥೆ ಶುರು ಮಾಡಿದರು. ಫೀಸು ಕೊಟ್ಟು, ನಾನೇ ಅವರಿಗೆ ಸಮಾಧಾನ ಹೇಳಿ ಬಂದೆ!

ಕನ್ನಡ ಬರುತ್ತಾ ಅಂತಲೂ ಕೇಳಿ. ಅಮ್ಮನ ಬಗ್ಗೆ ಇಂಗ್ಲಿಷಿನಲ್ಲಿ ಅಳಲಿಕ್ಕಾಗುತ್ತಾ? ಇನ್ನು ಲೆಕ್ಕ. ತಿಂಗಳಿಗೆ ನಾಲ್ಕು ಸಲಕ್ಕೆ 6,000 ರೂಪಾಯಿ. ಎರಡು ಮೂರು ತಿಂಗಳು ತಡೆಯುತ್ತೀರಾ? ಎರಡೇ ಸಲ ಹೋಗಿ ಬಿಟ್ಟರೆ ಗಾಯ ಬಿಚ್ಚಿ ಕಟ್ಟದೇ ಬಂದ ಹಾಗೆ. ಫೀಸು ಕಡಿಮೆ ಮಾಡುತ್ತೀರಾ ಎಂದು ಮೊದಲೇ ಕೇಳಿ, ನಾಚಿಕೆ ಬೇಡ.

ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೀರಿ. ‘ನಾನೂ ಅಮ್ಮನ ಹತ್ತಿರ ಹೋಗಿಬಿಡಲಾ’ ಅಂತ. ನನಗೆ ಓದಲು ಬಂತು. ಆ ಯೋಚನೆ ಮತ್ತೆ ಬಂದರೆ ಮಂಗಳವಾರದ ತನಕ ಕಾಯಬೇಡಿ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದೇ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ. ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.