ಮಳೆ ಶುರುವಾದರೆ ಜೆನ್‌ಸೆಟ್ ಸ್ಟಾಕ್ ಉಳಿಯುವುದು ಯಾಕೆ?

ಬೇಸಿಗೆಯಲ್ಲಿ ಗ್ರಾಹಕರು ವಿಚಾರಿಸಿದ್ದು ನೋಡಿ 30ರಿಂದ 125 ಕೆವಿಎ ಸಾಮರ್ಥ್ಯದ ಜನರೇಟರ್ ಸೆಟ್ (ಜೆನ್‌ಸೆಟ್) ಜೋಡಿಸಿಟ್ಟೆವು, ಮಳೆ ಬಂದ ಮೇಲೆ ದುಡ್ಡು ಸಿಕ್ಕಿಹಾಕಿಕೊಂಡಿದೆ ಅಂದಿದ್ದೀರಿ. ಇದು ಸೇಲ್ಸ್‌ನವರ ತಪ್ಪಲ್ಲ ಅನಿಸುತ್ತದೆ. ನಿಮ್ಮ ವ್ಯಾಪಾರ ನಿಂತಿರುವುದು ಕರೆಂಟ್ ಕಡಿತದ ಮೇಲೆ, ಕಡಿತ ನಿಂತಿರುವುದು ಮಳೆಯ ಮೇಲೆ. 2023ರ ಬರದಲ್ಲಿ ಅಕ್ಟೋಬರ್‌ನಲ್ಲೂ ರಾಜ್ಯಕ್ಕೆ ವಿದ್ಯುತ್ ಸಾಲಲಿಲ್ಲ. ಮರುವರ್ಷ ಮಳೆ ಚೆನ್ನಾಗಿ ಬಂತು. ಬರದ ವರ್ಷದ ಲೆಕ್ಕ ಹಿಡಿದರೆ ಸ್ಟಾಕ್ ಉಳಿಯುತ್ತದೆ, ಅಲ್ವಾ?

ಮೊದಲು ಗೋಡೌನ್‌ನಲ್ಲಿ ಪ್ರತಿ ಸೆಟ್‌ನ ಪ್ಲೇಟ್ ನೋಡಿ, ಸಿಪಿಸಿಬಿ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ಹೊಗೆ ಮಾನದಂಡದ ಹಳೆಯ 2 ಮತ್ತು ಹೊಸ 4+ ಸೆಟ್‌ಗಳನ್ನು ಬೇರೆ ಮಾಡಿ. 800 ಕಿಲೋವಾಟ್‌ವರೆಗಿನ ಸೆಟ್‌ಗಳಿಗೆ 4+ ನಿಯಮ ಬಂದದ್ದು 2023ರ ಜುಲೈ 1ರಿಂದ. ಹಳೆಯವು ಸಿಕ್ಕರೆ ಸುಮ್ನೆ ಡಿಸ್ಕೌಂಟ್ ಕೊಟ್ಟು ತಳ್ಳಬೇಡಿ, ಮಾರಬಹುದೇ ಅಂತ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ಕೇಳಿ. ನಿಮ್ಮ ಸ್ಟಾಕ್ ಯಾವುದು ಅಂತ ನೀವು ತಿಳಿಸಿಲ್ಲ, ಹಾಗಾಗಿ ಅದೆಷ್ಟು ದೊಡ್ಡ ತಲೆನೋವು ಅಂತ ಹೇಳಲಾರೆ.

ಆಮೇಲೆ ಆರ್ಡರ್ ಇಲ್ಲದ ಜೋಡಣೆ ನಿಲ್ಲಿಸಿ. ಎಂಜಿನ್ ಮಾತ್ರ ಇಟ್ಟುಕೊಳ್ಳಿ, ಅದೂ ಕಡಿಮೆ. ಆಲ್ಟರ್ನೇಟರ್ (ವಿದ್ಯುತ್ ಉತ್ಪಾದಿಸುವ ಭಾಗ), ಕ್ಯಾನೊಪಿ (ಹೊರಕವಚ), ಕಂಟ್ರೋಲ್ ಪ್ಯಾನೆಲ್ ಇವನ್ನು ಗ್ರಾಹಕರ ಅಡ್ವಾನ್ಸ್ ಕೈಗೆ ಬಂದ ಮೇಲೆ ತರಿಸಿ. ಒಬ್ಬನೇ ಎಂಜಿನ್ ಸಪ್ಲೈಯರ್ ಇದ್ದರೆ ಇನ್ನೊಬ್ಬರ ಜೊತೆ ಈಗಲೇ ಮಾತಾಡಿ.

ಮಳೆಗಾಲದ ಖರ್ಚಿಗೆ ಹಳೆ ಗ್ರಾಹಕರಿಗೆ ವಾರ್ಷಿಕ ಸರ್ವಿಸ್ ಒಪ್ಪಂದ ಮಾರಿ. 4+ ಎಂಜಿನ್‌ಗಳಲ್ಲಿ ಎಲೆಕ್ಟ್ರಾನಿಕ್ಸ್ ಜಾಸ್ತಿ, ಎಲ್ಲ ಮೆಕ್ಯಾನಿಕ್ ಕೈಗೂ ಬಗ್ಗುವುದಿಲ್ಲ. ನನ್ನ ಪ್ರಕಾರ ನಿಮ್ಮ ನಿಜವಾದ ಆದಾಯ ಅಲ್ಲೇ ಇದೆ.

ಬರಬೇಕಾದ ಹಣ ತಡವಾಗುತ್ತಿದೆಯೇ? ನೀವು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಇರುವ ಕಿರು ಅಥವಾ ಸಣ್ಣ ಘಟಕವಾದರೆ, ಖರೀದಿದಾರ ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು. ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ ಮೇಲೆ ಹಾಕಿ, ತಪ್ಪಿದರೆ ಕೇಂದ್ರದ ಸಣ್ಣ ಉದ್ಯಮ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಿ.