ಊಟದ ಹೊತ್ತಿಗೆ ಗುರುಗುಟ್ಟುವ ಫಾಸ್ಟರ್ ನಾಯಿಯನ್ನು ಹೊಡೆಯದೆ ತಿದ್ದುವುದು ಹೇಗೆ?
ಮಂಡ್ಯದ ನಿಮ್ಮ ಮನೆಯಲ್ಲಿ, ಯಾರಾದರೂ ದತ್ತು ಪಡೆಯುವವರೆಗೆ ಒಂದು ಬೀದಿನಾಯಿಯನ್ನು ಇಟ್ಟುಕೊಂಡಿದ್ದೀರಿ. ಅದು ಹಗಲೆಲ್ಲ ಮಂಚದ ಕೆಳಗೆ ಅಡಗುತ್ತದೆ, ತಟ್ಟೆಯ ಹತ್ತಿರ ಹೋದರೆ ಗುರುಗುಟ್ಟುತ್ತದೆ, ಮನೆಯೊಳಗೇ ಉಚ್ಚೆ ಹೊಯ್ಯುತ್ತದೆ. "ಎರಡು ಬಿಗಿದರೆ ಸರಿಹೋಗುತ್ತದೆ" ಎನ್ನುತ್ತಾರೆ ನಿಮ್ಮ ಮಾವನವರು. ಮೈಸೂರಿನಲ್ಲಿ ಇಂತಹ ನಾಯಿಗಳನ್ನು ಕೆಲಕಾಲ ಸಾಕಿ ಕಳುಹಿಸಿಕೊಡುವವಳು ನಾನು. ಹಿರಿಯರ ಮಾತನ್ನು ಈ ಒಂದು ವಿಷಯದಲ್ಲಿ ಕೇಳಬೇಡಿ.

ಗುರುಗುಟ್ಟುವುದು ನಾಯಿ ಕೊಡುವ ಎಚ್ಚರಿಕೆ. ಹೊಡೆದರೆ ಎಚ್ಚರಿಕೆ ನಿಲ್ಲಬಹುದು, ಭಯ ನಿಲ್ಲುವುದಿಲ್ಲ. ಮುಂದಿನ ಸಲ ಅದು ಸದ್ದಿಲ್ಲದೆ ಕಚ್ಚಬಹುದು. ಬೀದಿಯಲ್ಲಿ ಬೆಳೆದ ನಾಯಿಗೆ ತಿನ್ನುವಾಗ ಹತ್ತಿರ ಬಂದ ಕಾಲೆಂದರೆ ಕಿತ್ತುಕೊಳ್ಳಲು ಬಂದವರ ಕಾಲು. ಆ ಲೆಕ್ಕವನ್ನೇ ನೀವು ತಿರುಗಿಸಬೇಕು. ಅದು ಉಣ್ಣುತ್ತಿರುವಾಗ ಗುರುಗುಟ್ಟದಷ್ಟು ದೂರದಲ್ಲಿ ಹಾದುಹೋಗಿ, ಅನ್ನಕ್ಕಿಂತ ರುಚಿಯಾದದ್ದೇನಾದರೂ ತಟ್ಟೆಯ ಕಡೆಗೆ ಎಸೆಯಿರಿ. ಬೇಯಿಸಿದ ಮೊಟ್ಟೆಯ ಚೂರು ಸಾಕು. ಕೋಳಿಯಾದರೆ ಮೂಳೆ ತೆಗೆದಿರಲಿ, ಈರುಳ್ಳಿ ಬೆರೆತಿರಬಾರದು. ಎಸೆದು ಮುಂದೆ ನಡೆಯಿರಿ. ನಿಲ್ಲಬೇಡಿ, ಮಾತನಾಡಿಸಬೇಡಿ. ನಿಮ್ಮನ್ನು ಕಂಡು ಅದು ಮೈ ಸಡಿಲಬಿಟ್ಟು, ಬಾಲ ಆಡಿಸುತ್ತ ತಲೆಯೆತ್ತತೊಡಗಿದ ಮೇಲೆ ಒಂದೇ ಒಂದು ಹೆಜ್ಜೆ ಹತ್ತಿರವಾಗಿ. ಮೈ ಬಿಗಿಹಿಡಿದು ಗಬಗಬನೆ ನುಂಗಿದರೆ ನೀವು ಅವಸರಪಟ್ಟಿದ್ದೀರಿ, ಹಿಂದೆ ಸರಿಯಿರಿ. ತಟ್ಟೆಗೆ ಕೈಹಾಕಿ "ಅಭ್ಯಾಸ ಮಾಡಿಸುವ" ಸಾಹಸವಂತೂ ಯಾರಿಗೂ ಬೇಡ. ಮಕ್ಕಳು ಆ ಹೊತ್ತಿಗೆ ಕೋಣೆಗೇ ಬಾರದಿರಲಿ.

ಮಂಚದ ಕೆಳಗಿಂದ ಎಳೆಯಬೇಡಿ. ಅಲ್ಲಿಯೇ ಗೋಣಿಚೀಲ ಹಾಸಿ, ಪಕ್ಕದಲ್ಲಿ ನೀರಿಡಿ. ಹೊರಗೆ ಬರುವ ದಿನವನ್ನು ಅದೇ ಗೊತ್ತುಮಾಡಿಕೊಳ್ಳಲಿ.

ಉಚ್ಚೆಗೆ ಮೂತಿ ಉಜ್ಜುವುದು ಶುದ್ಧ ಅವಿವೇಕ. ಆಗ ಹೊಯ್ದದ್ದಕ್ಕೂ ಈಗಿನ ಶಿಕ್ಷೆಗೂ ನಾಯಿ ನಂಟು ಕಟ್ಟುವುದಿಲ್ಲ, ನಿಮ್ಮನ್ನು ಕಂಡರೆ ಹೆದರುವುದನ್ನು ಮಾತ್ರ ಕಲಿಯುತ್ತದೆ. ಎದ್ದ ಕೂಡಲೇ, ಉಂಡ ಕೂಡಲೇ ಹೊರಗೆ ಕರೆದೊಯ್ಯಿರಿ. ಅಲ್ಲಿ ಹೊಯ್ದರೆ ತಕ್ಷಣವೇ ತಿಂಡಿ ಕೊಡಿ. ತೊಟ್ಟು ತೊಟ್ಟಾಗಿ ಪದೇ ಪದೇ ಹೊಯ್ಯುತ್ತಿದ್ದರೆ ಮೂತ್ರದ ಸೋಂಕಿರಬಹುದು, ಪಶುವೈದ್ಯರಿಗೆ ತೋರಿಸಿ. ರೇಬೀಸ್ ಲಸಿಕೆಯೂ ಅಲ್ಲಿಯೇ ಆಗಲಿ.

ನೀವು ಕೇಳಿಲ್ಲ, ಆದರೂ ದೀಪಾವಳಿಯ ಬಗ್ಗೆ ಈಗಲೇ ಯೋಚಿಸಿ. ಜಂಬೂಸವಾರಿಯ ದಿನ ಸಿಡಿಯುವ 21 ಕುಶಾಲತೋಪಿಗೆ ಬೆದರಬಾರದೆಂದು ದಸರಾ ಆನೆಗಳಿಗೆ ಇಲ್ಲಿ ಮೊದಲೇ ಫಿರಂಗಿ ತಾಲೀಮು ನಡೆಸುತ್ತಾರೆ. ನಾಯಿಗೆ ಫಿರಂಗಿ ಬೇಕಿಲ್ಲ. ಪಟಾಕಿಯ ಸದ್ದನ್ನು ಮೊಬೈಲ್‌ನಲ್ಲಿ ಕೇಳಿಯೂ ಕೇಳಿಸದಷ್ಟು ಮೆಲ್ಲಗೆ ಹಾಕಿ, ಜೊತೆಗೆ ತಿಂಡಿ ಕೊಡಿ. ಕಿವಿ ಹಿಂದಕ್ಕೆ ಮಡಚಿದರೆ, ತಿಂಡಿ ಬೇಡವೆಂದರೆ ಸದ್ದು ಇನ್ನೂ ತಗ್ಗಿಸಿ. ಹಬ್ಬಕ್ಕೆ ವಾರಗಳ ಮುಂಚೆ ಆರಂಭಿಸಿದರೆ ಮಾತ್ರ ಇದರಿಂದ ಉಪಯೋಗ.

ದತ್ತು ಕೇಳಿ ಬಂದವರಿಗೆ ತಟ್ಟೆಯ ವಿಷಯವನ್ನು ಮುಚ್ಚಿಡದೆ ಹೇಳಿ, ಎಷ್ಟು ದೂರದವರೆಗೆ ಸುಮ್ಮನಿರುತ್ತದೆ ಎಂಬುದನ್ನೂ ಬರೆದುಕೊಡಿ. ಅಂಬೆಗಾಲಿಡುವ ಮಗುವಿರುವ ಮನೆಯಾದರೆ, ಅವರು ಎಷ್ಟೇ ಒಳ್ಳೆಯವರಾಗಿದ್ದರೂ, ನಾನಾಗಿದ್ದರೆ ಸದ್ಯಕ್ಕೆ ಕೊಡುವುದಿಲ್ಲ.